ಸೊಂಟ ನೋವು ಮತ್ತೆ ಮತ್ತೆ ಬರುತ್ತಿದೆಯಾ? ನೋವು ಇಳಿದ ದಿನವೇ ಕೆಲಸ ಶುರು ಮಾಡಿ

ಬೆಳಿಗ್ಗೆ ಬಚ್ಚಲಲ್ಲಿ ಬಕೆಟ್ ಎತ್ತಲು ಬಗ್ಗಿದ್ದೆ. ಸೊಂಟದ ಎಡಗಡೆ ಚಳಕ್ ಎಂದಿತು. ಬಗ್ಗಿದವನು ಹಾಗೇ ನಿಂತುಬಿಟ್ಟೆ. ಮೇಲೇಳಲೂ ಆಗದು, ಕೂರಲೂ ಆಗದು. ಗೋಡೆ ಹಿಡಿದುಕೊಂಡು ಮಂಚದವರೆಗೆ ಬರುವಷ್ಟರಲ್ಲಿ ಮೈಯೆಲ್ಲ ಬೆವೆತುಹೋಗಿತ್ತು.

ಅದು ಮೂರನೇ ಸಲ. ಹಿಂದಿನ ಎರಡು ಸಲವೂ ಒಂದೇ ರೀತಿ ಆಗಿತ್ತು. ವಾರ ಮಲಗಿದ್ದೆ, ಮಾತ್ರೆ ನುಂಗಿದೆ, ಎಣ್ಣೆ ತಿಕ್ಕಿಸಿಕೊಂಡೆ, ಕಡಿಮೆಯಾಯಿತು, ಮರೆತುಬಿಟ್ಟೆ. ಆರೇಳು ತಿಂಗಳಿಗೆ ಮತ್ತೆ ಹಿಡಿದುಕೊಂಡಿತು. ಮೂರನೇ ಸಲಕ್ಕೆ ನನಗೊಬ್ಬರು ಫಿಸಿಯೋಥೆರಪಿಸ್ಟ್ ಸಿಕ್ಕರು. ಅವರು ಕೇಳಿದ ಮೊದಲ ಪ್ರಶ್ನೆಯೇ, "ನೋವು ಇಲ್ಲದ ದಿನಗಳಲ್ಲಿ ಸೊಂಟಕ್ಕೆ ಏನು ಮಾಡಿದ್ರಿ?" ನಾನು ಏನೂ ಮಾಡಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಏನೂ ಮಾಡುವುದಿಲ್ಲ, ಅಲ್ವಾ? ನೋವು ಹೋದರೆ ರೋಗ ಹೋಯಿತು ಎಂದುಕೊಳ್ಳುತ್ತೇವೆ.

ಒಂದು ಸಲ ಹಿಡಿದುಕೊಂಡ ಸೊಂಟ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದೊಳಗೆ ಬಹಳಷ್ಟು ಸರಿಹೋಗುತ್ತದೆ. ಏನು ಹಚ್ಚಿದರೂ ಹೋಗುತ್ತದೆ, ಹಚ್ಚದಿದ್ದರೂ ಹೋಗುತ್ತದೆ. ಕಷ್ಟ ಇರುವುದು ಅದು ವಾಪಸ್ ಬರದಂತೆ ನೋಡಿಕೊಳ್ಳುವುದರಲ್ಲಿ. ಆ ಕೆಲಸಕ್ಕೆ ಸರಿಯಾದ ಸಮಯ ನೋವು ಇಳಿದ ಮೇಲಿನ ತಿಂಗಳುಗಳು.

ಮೊದಲು, ಇದು ಬರೀ ಸೊಂಟ ನೋವೇನಾ ನೋಡಿ

ನೂರು ಜನಕ್ಕೆ ಸೊಂಟ ನೋವು ಬಂದರೆ ಸುಮಾರು ತೊಂಬತ್ತು ಜನರಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಸ್ನಾಯು, ಕೀಲು, ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಎಲ್ಲವೂ ಸ್ವಲ್ಪ ಸ್ವಲ್ಪ ಸೇರಿ ಮುನಿಸಿಕೊಂಡಿರುತ್ತವೆ. ಇದು ಅಪಾಯದ ನೋವಲ್ಲ. ಆದರೆ ಉಳಿದ ಕೆಲವರ ನೋವಿನ ಹಿಂದೆ ಅಪಾಯದ ಕಾರಣ ಇರಬಹುದು, ಅದನ್ನು ಕಡೆಗಣಿಸಬಾರದು.

ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋಗುತ್ತಿದ್ದರೆ, ಕೂತಾಗ ನೆಲಕ್ಕೆ ತಾಗುವ ಭಾಗ ಮತ್ತು ತೊಡೆಸಂದಿ ಜೋಮು ಹಿಡಿದಂತಾದರೆ, ಎರಡೂ ಕಾಲಿನ ಶಕ್ತಿ ಕುಂದುತ್ತಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಸರಿ, ಬೆಳಗಾಗಲಿ ಎಂದು ಕಾಯಬೇಡಿ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಕೊಂಡಾಗ ಹೀಗಾಗುತ್ತದೆ. ತಡವಾದರೆ ಶಾಶ್ವತ ತೊಂದರೆ ಉಳಿಯಬಹುದು. ನಡೆಯುವಾಗ ಒಂದು ಕಾಲಿನ ಚಪ್ಪಲಿ ತಾನಾಗಿ ಜಾರುತ್ತಿದೆಯಾ, ಪಾದದ ತುದಿ ನೆಲಕ್ಕೆ ಎಡವುತ್ತಿದೆಯಾ ಎಂಬುದನ್ನೂ ಗಮನಿಸಿ. ಪಾದ ಎತ್ತುವ ಶಕ್ತಿ ಕಡಿಮೆಯಾಗಿದೆ ಎಂದು ಅದರರ್ಥ. ಅದಕ್ಕೂ ಬೇಗ ಡಾಕ್ಟರ್ ಬೇಕು.

ಸಂಜೆ ಹೊತ್ತು ಬರುವ ಜ್ವರ, ರಾತ್ರಿ ಬೆವರು, ಸುಮ್ನೆ ಇಳಿಯುತ್ತಿರುವ ತೂಕ ಇವುಗಳ ಜೊತೆ ಬೆನ್ನು ನೋವಿದ್ದರೆ ಬೆನ್ನುಮೂಳೆಯ ಟಿ.ಬಿ. ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ನಮ್ಮ ದೇಶದಲ್ಲಿ ಇದು ಅಪರೂಪವೇನಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಬಿದ್ದ ಮೇಲೆ ನೋವು ಶುರುವಾದ ವಯಸ್ಸಾದವರು ಕೂಡ ಮನೆಮದ್ದಿನಲ್ಲಿ ದಿನ ಕಳೆಯಬಾರದು. ಪಕ್ಕೆಯಲ್ಲಿ ಶುರುವಾಗಿ ತೊಡೆಸಂದಿಗೆ ಅಲೆ ಅಲೆಯಾಗಿ ಇಳಿಯುವ, ಹೇಗೆ ಮಲಗಿದರೂ ಬಿಡದ ನೋವು ಕಿಡ್ನಿ ಕಲ್ಲಿನದ್ದಿರಬಹುದು.

ಇನ್ನೊಂದು ವಿಷಯ ಹರೆಯದವರಿಗೆ. ನಲವತ್ತರ ಒಳಗೆ ಶುರುವಾಗಿ ಮೂರು ತಿಂಗಳಿಗಿಂತ ಜಾಸ್ತಿ ಉಳಿದ ನೋವು, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಸೊಂಟ ಮರಗಟ್ಟುವುದು, ಓಡಾಡಿದರೆ ಹಗುರಾಗಿ ಮಲಗಿದರೆ ಹೆಚ್ಚುವುದು: ಹೀಗಿದ್ದರೆ ಸಂಧಿವಾತ ತಜ್ಞರನ್ನು ಕಾಣಿ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆಯನ್ನು ಎಷ್ಟೋ ಹುಡುಗರು "ಗಾಡಿ ಓಡಿಸಿ ಬಂದಿದ್ದು" ಎಂದು ವರ್ಷಗಟ್ಟಲೆ ಸಹಿಸಿಕೊಂಡಿರುತ್ತಾರೆ. ಅದಕ್ಕೆ ಈಗ ಒಳ್ಳೆಯ ಔಷಧಿಗಳಿವೆ.

ಇವು ಯಾವುದೂ ಇಲ್ಲ ಅಂದರೆ ಮುಂದೆ ಓದಿ.

ಹಿಡಿದುಕೊಂಡ ಮೊದಲ ಮೂರು ದಿನ

ಮೊದಲ ದಿನ ಮಲಗಬೇಕು ಅನ್ನಿಸುತ್ತದೆ, ಮಲಗಿ. ಆದರೆ ದಿನವಿಡೀ ಅಲ್ಲ. ಹಿಂದೆ ಡಾಕ್ಟರುಗಳೇ ಎರಡು ವಾರ ಮಂಚ ಬಿಟ್ಟು ಏಳಬೇಡಿ ಎನ್ನುತ್ತಿದ್ದರು. ಆ ಸಲಹೆ ಹೋಗಿ ಬಹಳ ವರ್ಷವಾಯಿತು. ಜಾಸ್ತಿ ಮಲಗಿದಷ್ಟೂ ಸ್ನಾಯು ಬಲ ಕಳೆದುಕೊಳ್ಳುತ್ತದೆ, ಸೊಂಟ ಇನ್ನಷ್ಟು ಬಿಗಿಯುತ್ತದೆ. ಜೊತೆಗೆ ಹೆದರಿಕೆ ಮನಸ್ಸಿನಲ್ಲಿ ಕೂರುತ್ತದೆ. ಎಚ್ಚರ ಇರುವಾಗ ಗಂಟೆಗೊಮ್ಮೆ ಎದ್ದು ಮನೆಯೊಳಗೇ ಎರಡು ನಿಮಿಷ ನಡೆಯಿರಿ. ಎಲೆ ಅಡಿಕೆ ಜಗಿದಷ್ಟು ನಿಧಾನಕ್ಕೆ ನಡೆದರೂ ಪರವಾಗಿಲ್ಲ.

ಏಳುವುದೇ ದೊಡ್ಡ ಕಷ್ಟ ಅಂತ ಗೊತ್ತು. ಹೀಗೆ ಏಳಿ. ಮಲಗಿದಲ್ಲೇ ಎರಡೂ ಮಂಡಿ ಮಡಚಿ. ಒಂದು ಪಕ್ಕಕ್ಕೆ ಹೊರಳಿ. ಹೊರಳುವಾಗ ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ಹೊರಳಬೇಕು, ಮರದ ದಿಮ್ಮಿ ಉರುಳಿದ ಹಾಗೆ. ಮಂಚದ ಅಂಚಿಗೆ ಬಂದು ಕಾಲುಗಳನ್ನು ಕೆಳಗೆ ಇಳಿಬಿಡಿ. ಕಾಲು ಇಳಿಯುತ್ತಿರುವಾಗಲೇ ಅಂಗೈಯಿಂದ ಹಾಸಿಗೆ ಒತ್ತಿ ಮೈ ಎತ್ತಿ. ಕಾಲಿನ ಭಾರವೇ ಮೈಯನ್ನು ಅರ್ಧ ಎತ್ತಿ ಕೊಡುತ್ತದೆ. ನೆಟ್ಟಗೆ ಮಲಗಿದಲ್ಲಿಂದ ಎದೆ ಎತ್ತಿ ಏಳಲು ಹೋಗಲೇಬೇಡಿ. ಚಾಪೆ ಮೇಲೆ ಮಲಗುವವರು ಪಕ್ಕಕ್ಕೆ ಹೊರಳಿ, ಕೈ ಊರಿ, ಅಂಬೆಗಾಲಿಗೆ ಬಂದು, ಹತ್ತಿರದ ಕುರ್ಚಿ ಹಿಡಿದು ಒಂದು ಪಾದ ಮುಂದಿಟ್ಟು ಏಳಿ.

ಸೀನು ಅಥವಾ ಕೆಮ್ಮು ಬರುವ ಹಾಗಾದರೆ ತಕ್ಷಣ ಒಂದು ಕೈಯನ್ನು ಗೋಡೆಗೋ ಮೇಜಿಗೋ ಊರಿ, ಮಂಡಿ ಸ್ವಲ್ಪ ಬಗ್ಗಿಸಿ. ಸೊಂಟಕ್ಕೆ ಬೀಳುವ ಜಗ್ಗು ಕಡಿಮೆಯಾಗುತ್ತದೆ. ಮಲಗುವಾಗ ಅಂಗಾತ ಮಲಗಿ ಮೀನಖಂಡವನ್ನು ಕುರ್ಚಿ ಮೇಲೋ ಎರಡು ದಿಂಬಿನ ಮೇಲೋ ಇಡಿ. ಅಥವಾ ಪಕ್ಕಕ್ಕೆ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ.

ಶಾಖ ಕೊಡಿ. ಬಿಸಿನೀರಿನ ಬ್ಯಾಗ್ ಇಲ್ಲದಿದ್ದರೆ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟುಕೊಳ್ಳುವ ಅಜ್ಜಿಯರ ಉಪಾಯ ಚೆನ್ನಾಗಿಯೇ ಇದೆ. ಹದಿನೈದು ಇಪ್ಪತ್ತು ನಿಮಿಷ ಸಾಕು. ಸಕ್ಕರೆ ಕಾಯಿಲೆ ಇದ್ದು ಚರ್ಮಕ್ಕೆ ಬಿಸಿ ಸರಿಯಾಗಿ ಗೊತ್ತಾಗದವರು ಮೊದಲು ಬೇರೆಯವರ ಕೈಗೆ ಮುಟ್ಟಿಸಿ ನೋಡಿ, ಇಲ್ಲದಿದ್ದರೆ ಸುಟ್ಟುಕೊಳ್ಳುತ್ತೀರಿ.

ಮಾತ್ರೆ ವಿಷಯದಲ್ಲಿ ಹುಷಾರು. ಆಸ್ಟ್ರೇಲಿಯಾದಲ್ಲಿ 1,600ಕ್ಕೂ ಹೆಚ್ಚು ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಯಾರಸಿಟಮಾಲ್ ತೆಗೆದುಕೊಂಡವರು ಬರೀ ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ ಬೇಗ ಗುಣವಾಗಲಿಲ್ಲ. ಡೈಕ್ಲೋಫಿನಾಕ್, ಐಬುಪ್ರೊಫೇನ್ ಥರದವು ನೋವನ್ನು ಒಂದಿಷ್ಟು ತಗ್ಗಿಸುತ್ತವೆ, ಆದರೆ ಹೊಟ್ಟೆ, ಕಿಡ್ನಿ, ಬಿ.ಪಿ.ಗೆ ತೊಂದರೆ ಮಾಡಬಲ್ಲವು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ. ಡಾಕ್ಟರು ಹೇಳಿದ ದಿನಗಳಷ್ಟು ಮಾತ್ರ, ಊಟ ಆದ ಮೇಲೆ. ಮಾತ್ರೆ ಬೇಕಿರುವುದು ನೀವು ಎದ್ದು ಓಡಾಡುವಷ್ಟು ನೋವು ತಗ್ಗಲಿ ಅಂತ.

ಉಳುಕು ತೆಗೆಸಲು ಊರೂರು ಹೋಗುವುದು ನಮ್ಮಲ್ಲಿದೆ. ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುವವರನ್ನೂ ನೋಡಿದ್ದೇನೆ. ಮೆಲ್ಲಗೆ ಎಣ್ಣೆ ಹಚ್ಚಿ ನೀವಿಸಿಕೊಂಡರೆ ಹಾಯೆನಿಸುತ್ತದೆ, ತಪ್ಪೇನಿಲ್ಲ. ಬೆನ್ನ ಮೇಲೆ ನಿಲ್ಲಿಸಿಕೊಳ್ಳುವುದು, ಸೊಂಟ ತಿರುಚಿ ಲಟಕ್ ಅನ್ನಿಸುವುದು ಮಾತ್ರ ಬೇಡವೇ ಬೇಡ. ಮೂಳೆ ಸವೆದ ವಯಸ್ಸಿನವರಿಗಂತೂ ಮುರಿಯುವ ಭಯ ಇದೆ.

ಎಂ.ಆರ್.ಐ. ರಿಪೋರ್ಟ್ ನೋಡಿ ಹೆದರಬೇಡಿ

ಸ್ಕ್ಯಾನ್ ಮಾಡಿಸಿಕೊಂಡು "ಡಿಸ್ಕ್ ಬಲ್ಜ್ ಆಗಿದೆಯಂತೆ" ಎಂದು ಮುಖ ಸಣ್ಣ ಮಾಡಿಕೊಂಡು ಬರುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಿಗೆ ಒಂದು ಲೆಕ್ಕ ಹೇಳುತ್ತೇನೆ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ವಿವರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ವರದಿ ಬಂತು. ಅದರಲ್ಲಿ ನಲವತ್ತರ ವಯಸ್ಸಿನವರ ಪೈಕಿ ಶೇ. 68ರಷ್ಟು ಜನರಿಗೆ ಡಿಸ್ಕ್ ಸವೆತ ಇತ್ತು, ಶೇ. 50ರಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೇ ಶೇ. 30ರಷ್ಟು ಜನರಿಗೆ ಉಬ್ಬು ಕಂಡಿತ್ತು. ಯಾರಿಗೂ ನೋವಿರಲಿಲ್ಲ!

ತಲೆಕೂದಲು ಬೆಳ್ಳಗಾದ ಹಾಗೆ ಡಿಸ್ಕೂ ವಯಸ್ಸಾಗುತ್ತದೆ. ಅದು ಕಂಡಿತು ಅಂದಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣ ಎಂದಲ್ಲ. ಮೇಲೆ ಹೇಳಿದ ಅಪಾಯದ ಗುರುತುಗಳಿದ್ದರೆ, ಅಥವಾ ಕಾಲಿಗೆ ಇಳಿಯುವ ನೋವು ಆರು ವಾರವಾದರೂ ತಗ್ಗದಿದ್ದರೆ ಸ್ಕ್ಯಾನ್ ಬೇಕು. ಕಾಲಿಗೆ ಇಳಿಯುವ ಸಯಾಟಿಕಾ ನೋವು ಕೂಡ ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಇಳಿಯುತ್ತದೆ. ಹೊರಚಾಚಿದ ಡಿಸ್ಕಿನ ಚೂರನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುವುದುಂಟು.

ನೋವು ಇಳಿಯಿತು. ಈಗ ನಡೆಯಿರಿ

ಸಿಡ್ನಿಯ ಮೆಕ್ವಾರಿ ವಿಶ್ವವಿದ್ಯಾಲಯದವರು 701 ಜನರನ್ನು ತೆಗೆದುಕೊಂಡು ಒಂದು ಅಧ್ಯಯನ ಮಾಡಿದರು. ಎಲ್ಲರೂ ಆಗಷ್ಟೇ ಸೊಂಟ ನೋವಿನಿಂದ ಚೇತರಿಸಿಕೊಂಡವರು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್ ಸಲಹೆಯೊಂದಿಗೆ ನಡಿಗೆ ಕೊಟ್ಟರು. ಇನ್ನೊಂದು ಗುಂಪಿಗೆ ಏನೂ ಕೊಡಲಿಲ್ಲ. 2024ರಲ್ಲಿ ಫಲಿತಾಂಶ ಬಂತು. ಸುಮ್ಮನಿದ್ದವರಲ್ಲಿ ನೋವು ಮರುಕಳಿಸುವ ನಡುಮಟ್ಟದ ಅವಧಿ 112 ದಿನ ಇದ್ದರೆ, ನಡೆದವರಲ್ಲಿ 208 ದಿನ. ಹೆಚ್ಚುಕಡಿಮೆ ಎರಡರಷ್ಟು. ದುಡ್ಡು ಕೇಳದ ಮದ್ದು ಇದಕ್ಕಿಂತ ಇನ್ನೇನಿದೆ?

ಅವರ ಗುರಿ ಇದ್ದದ್ದು ಆರು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ. ಮೊದಲ ದಿನವೇ ಅಲ್ಲ. ನೀವೂ ಮೆಲ್ಲಗೆ ಶುರು ಮಾಡಿ. ಮೊದಲ ವಾರ ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಮೂರು ದಿನ. ಆಮೇಲೆ ವಾರಕ್ಕೆ ಎರಡು ಮೂರು ನಿಮಿಷ ಏರಿಸುತ್ತಾ ಹೋಗಿ, ದಿನಗಳನ್ನೂ ಸೇರಿಸಿ. ನಡೆದ ಮೇಲೆ ಸ್ವಲ್ಪ ನೋವೆನಿಸಿ ಮಾರನೆಯ ದಿನ ಬೆಳಿಗ್ಗೆಗೆ ಮಾಮೂಲಿಗೆ ಬಂದರೆ ಸರಿಯಾಗಿಯೇ ನಡೆಯುತ್ತಿದ್ದೀರಿ. ಮಾರನೆಯ ದಿನವೂ ಜಾಸ್ತಿ ಇದ್ದರೆ ಹಿಂದಿನ ವಾರದ ಅಳತೆಗೆ ಇಳಿಯಿರಿ.

ಪಾರ್ಕಿಗೇ ಹೋಗಬೇಕು, ಶೂ ಇರಲೇಬೇಕು ಅಂತಿಲ್ಲ. ನಾನು ಹಾಲು ತರುವ ದಾರಿಯನ್ನೇ ಉದ್ದ ಮಾಡಿಕೊಂಡೆ. ಹತ್ತಿರದ ಅಂಗಡಿ ಬಿಟ್ಟು ಕೆರೆ ಏರಿ ಆಚೆಯ ಅಂಗಡಿಗೆ ಹೋಗುತ್ತೇನೆ. ಹಾಲಿಲ್ಲದೆ ಬೆಳಿಗ್ಗೆ ಕಾಫಿ ಇಲ್ಲ, ಹಾಗಾಗಿ ನಡಿಗೆ ತಪ್ಪುವುದಿಲ್ಲ. ಸವೆದ ಹವಾಯಿ ಚಪ್ಪಲಿ ಮಾತ್ರ ಬೇಡ, ಹಿಮ್ಮಡಿ ಹಿಡಿದುಕೊಳ್ಳುವಂಥದ್ದು ಹಾಕಿಕೊಳ್ಳಿ.

ಹತ್ತು ನಿಮಿಷದ ಮೂರು ವ್ಯಾಯಾಮ

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಮೂರು ವ್ಯಾಯಾಮ ಹೇಳುತ್ತಾರೆ. ಸೊಂಟವನ್ನು ಜಾಸ್ತಿ ಬಗ್ಗಿಸದೆ ಸುತ್ತಲಿನ ಸ್ನಾಯುಗಳಿಗೆ ತಾಳಿಕೆ ಕೊಡುವುದು ಇವುಗಳ ಉದ್ದೇಶ. ಚಾಪೆ ಹಾಸಿಕೊಂಡರೆ ಸಾಕು.

ಮೊದಲನೆಯದು. ಅಂಗಾತ ಮಲಗಿ. ಒಂದು ಮಂಡಿ ಮಡಚಿ, ಇನ್ನೊಂದು ಕಾಲು ಚಾಚಿ. ಎರಡೂ ಅಂಗೈಗಳನ್ನು ಸೊಂಟದ ಕೆಳಗಿನ ಖಾಲಿ ಜಾಗದಲ್ಲಿ ತೂರಿಸಿ. ಈಗ ತಲೆ ಮತ್ತು ಭುಜವನ್ನು ನೆಲದಿಂದ ಸ್ವಲ್ಪ ಮಾತ್ರ ಎತ್ತಿ, ಹತ್ತು ಸೆಕೆಂಡು ಹಿಡಿಯಿರಿ. ಕುತ್ತಿಗೆ ಮಡಿಚಬಾರದು. ಕೆಳಗಿರುವ ಅಂಗೈಗೆ ಸೊಂಟದ ಒತ್ತಡ ಬದಲಾಗಬಾರದು. ಅಂಗೈಯನ್ನು ಸೊಂಟ ಅಮುಕಿದರೆ ಜಾಸ್ತಿ ಎತ್ತಿದ್ದೀರಿ ಎಂದರ್ಥ.

ಎರಡನೆಯದು. ಪಕ್ಕಕ್ಕೆ ಮಲಗಿ ಮೊಣಕೈ ಊರಿ, ಮಂಡಿ ಮಡಚಿ. ಮೊಣಕೈ ಮತ್ತು ಮಂಡಿಯ ಮೇಲೆ ಭಾರ ಬಿಟ್ಟು ಸೊಂಟವನ್ನು ನೆಲದಿಂದ ಎತ್ತಿ ಹಿಡಿಯಿರಿ. ಆಮೇಲೆ ಇನ್ನೊಂದು ಪಕ್ಕ. ಭುಜ ನೋವಿರುವವರು ನೆಲದ ಬದಲು ಗೋಡೆಗೆ ಮೊಣಕೈ ಊರಿ ನಿಂತು ಮಾಡಬಹುದು.

ಮೂರನೆಯದು ಅಂಬೆಗಾಲಿನಲ್ಲಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಬೆನ್ನ ಮೇಲೆ ಒಂದು ಲೋಟ ನೀರಿಟ್ಟರೂ ಚೆಲ್ಲದಷ್ಟು ಸಮ ಇರಬೇಕು. ಹತ್ತು ಸೆಕೆಂಡು ಹಿಡಿದು ಕೈಕಾಲು ಬದಲಿಸಿ.

ಪ್ರತಿಯೊಂದನ್ನೂ ಮೊದಲು ಮೂರು ಮೂರು ಸಲ ಮಾಡಿ. ಎರಡು ವಾರಕ್ಕೆ ಐದಾರು ಸಲಕ್ಕೆ ಬನ್ನಿ. ಉಸಿರು ಬಿಗಿ ಹಿಡಿಯಬೇಡಿ. ಕಾಲಿಗೆ ನೋವು ಇಳಿಯಲು ಶುರುವಾದರೆ ನಿಲ್ಲಿಸಿ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಯೋಗ ಮಾಡುವವರು ಯೋಗವನ್ನೇ ಮುಂದುವರಿಸಿ. ಮಾರ್ಜಾಲಾಸನ, ಸೇತುಬಂಧಾಸನ, ಮೆಲ್ಲಗೆ ಮಾಡುವ ಭುಜಂಗಾಸನ ಸೊಂಟಕ್ಕೆ ಒಳ್ಳೆಯವು. ಆದರೆ ಈಗಷ್ಟೇ ನೋವು ಇಳಿದಿರುವಾಗ ಕೈಯಿಂದ ಪಾದ ಮುಟ್ಟುವ ಪಾದಹಸ್ತಾಸನ, ಪಶ್ಚಿಮೋತ್ತಾನಾಸನಕ್ಕೆ ಆತುರ ಬೇಡ. ಈ ವ್ಯಾಯಾಮವೇ ಶ್ರೇಷ್ಠ, ಇನ್ನೊಂದು ಕನಿಷ್ಠ ಎಂದು ಯಾರೂ ತೋರಿಸಿಲ್ಲ. ನೀವು ಯಾವುದನ್ನು ಆರು ತಿಂಗಳು ಬಿಡದೆ ಮಾಡುತ್ತೀರೋ ಅದೇ ನಿಮಗೆ ಸರಿಯಾದದ್ದು.

ಕ್ಯಾನು, ಸಿಲಿಂಡರ್, ರಂಗೋಲಿ, ಗದ್ದೆ

ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ನಾವು ಒಂದು ಸೆಂಟಿಮೀಟರಿನಷ್ಟು ಉದ್ದ ಇರುವುದು ಇದಕ್ಕೇ. ಹೀಗೆ ಉಬ್ಬಿರುವಾಗ ಪೂರ್ತಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ನನ್ನ ಬಕೆಟ್ಟಿನ ಪ್ರಸಂಗ ನಡೆದದ್ದು ಎದ್ದ ಹತ್ತೇ ನಿಮಿಷಕ್ಕೆ. ಆದ್ದರಿಂದ ಎದ್ದ ಮೊದಲ ಒಂದು ಗಂಟೆ ಸೊಂಟ ಬಗ್ಗಿಸುವ ಕೆಲಸಗಳನ್ನು ಮುಂದೂಡಿ. ಅಂಗಳ ಗುಡಿಸಿ ರಂಗೋಲಿ ಹಾಕುವುದು ಬೆಳಿಗ್ಗೆಯೇ ಆಗಬೇಕು ಅಂತಾದರೆ ನಿಂತು ಬಗ್ಗುವ ಬದಲು ಕುಕ್ಕರಗಾಲಲ್ಲಿ ಕೂತು ಹಾಕಿ, ಅಥವಾ ಸಣ್ಣ ಮಣೆ ಇಟ್ಟುಕೊಳ್ಳಿ. ಗುಡಿಸಲು ಉದ್ದ ಹಿಡಿಯ ಪೊರಕೆ ತನ್ನಿ. ಸ್ನಾನದ ಬಕೆಟ್ಟನ್ನು ಒಂದು ಗಟ್ಟಿ ಸ್ಟೂಲಿನ ಮೇಲಿಟ್ಟುಕೊಂಡರೆ ಚೊಂಬಿಗೆ ಬಗ್ಗುವುದೇ ತಪ್ಪುತ್ತದೆ.

ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಎಂದರೆ ಇಪ್ಪತ್ತು ಕಿಲೋಗಿಂತ ಜಾಸ್ತಿ. ಅದನ್ನು ಎತ್ತಿ, ತಲೆಕೆಳಗು ಮಾಡಿ, ತಿರುಗಿ ಸ್ಟ್ಯಾಂಡಿನ ಮೇಲೆ ಇಡುವ ಆ ಒಂದು ಗಳಿಗೆಯಲ್ಲಿ ಬಗ್ಗುವುದು, ಎತ್ತುವುದು, ತಿರುಚುವುದು ಮೂರೂ ಸೇರುತ್ತವೆ. ನೋವು ಮರುಕಳಿಸುವವರು ಈ ಕೆಲಸವನ್ನೇ ಬಿಡಿ. ಕ್ಯಾನ್ ಬಾಯಿಗೆ ಹಾಕುವ ಸಣ್ಣ ಚಾರ್ಜಿಂಗ್ ಪಂಪ್ ಸಿಗುತ್ತದೆ. ಕ್ಯಾನ್ ನೆಲದ ಮೇಲೇ ಇರಲಿ. ಎತ್ತಲೇಬೇಕಾದರೆ ಅದರ ಹತ್ತಿರಕ್ಕೆ ಹೋಗಿ, ಒಂದು ಪಾದ ಸ್ವಲ್ಪ ಮುಂದಿಟ್ಟು, ಮಂಡಿ ಮಡಚಿ ಹಿಡಿದು, ಹೊಟ್ಟೆಗೆ ಅವುಚಿಕೊಂಡು ಏಳಿ. ತಿರುಗಬೇಕಾದಾಗ ಪಾದಗಳನ್ನು ತಿರುಗಿಸಿ, ಸೊಂಟವನ್ನಲ್ಲ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ಅದನ್ನು ಎತ್ತಬೇಡಿ. ಚಕ್ರದ ಸ್ಟ್ಯಾಂಡ್ ತಂದು ಅದರ ಮೇಲೆ ಇಳಿಸಿಕೊಡಲು ಡೆಲಿವರಿಗೆ ಬಂದವರಿಗೇ ಹೇಳಿ.

ನಾಟಿ, ಕಳೆ, ಕೊಯ್ಲಿನ ಕೆಲಸ ಮಾಡುವ ಹೆಂಗಸರಿಗೆ "ಬಗ್ಗಬೇಡಿ" ಎನ್ನುವುದು ಅರ್ಥವಿಲ್ಲದ ಮಾತು. ಬಗ್ಗದೆ ನಾಟಿ ಆಗುವುದಿಲ್ಲ. ಅವರು ಮಾಡಬಹುದಾದದ್ದು ಇಷ್ಟು. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ನೆಟ್ಟಗೆ ನಿಂತು, ಎರಡೂ ಕೈ ಸೊಂಟದ ಹಿಂದೆ ಇಟ್ಟು, ಮೆಲ್ಲಗೆ ಐದಾರು ಸಲ ಹಿಂದಕ್ಕೆ ಬಾಗಬೇಕು. ಸಾಲು ಮುಗಿದಾಗ ಸಸಿ ಕಟ್ಟು ತರುವ ಕೆಲಸವನ್ನು ಸರದಿ ಹಾಕಿಕೊಂಡರೆ ಪ್ರತಿಯೊಬ್ಬರಿಗೂ ಬೆನ್ನು ನೇರ ಮಾಡಲು ಅವಕಾಶ ಸಿಗುತ್ತದೆ. ಕಂಪ್ಯೂಟರ್ ಮುಂದೆ ಕೂರುವವರಿಗೂ ಇದೇ ಮಾತು. ಎಂಥ ಒಳ್ಳೆ ಕುರ್ಚಿಯಾದರೂ ಅರ್ಧ ಗಂಟೆಗೊಮ್ಮೆ ಏಳಬೇಕು.

ಬೈಕ್, ಸ್ಕೂಟರಿನವರು ಟೈರಿನ ಗಾಳಿಯನ್ನು ಕಂಪನಿ ಹೇಳಿದ ಅಳತೆಗೇ ಇಡಿ. ಬೈಕಾದರೆ ಹಂಪ್ಸ್ ಬಂದಾಗ ಫುಟ್‌ರೆಸ್ಟಿಗೆ ಭಾರ ಬಿಟ್ಟು ಸೀಟಿನಿಂದ ಒಂದಿಷ್ಟು ಎದ್ದುಕೊಳ್ಳಿ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ, ಹಿಂದಿನ ಚಕ್ರಕ್ಕಿಂತ ಮುಂದೆ ಕೂರಿ. ಹಿಂಜೇಬಿನ ಪರ್ಸ್ ತೆಗೆದು ಕೂರಿ.

ಇವೆಲ್ಲ ನೋವಿರುವಾಗ ಸಹಾಯ ಮಾಡುತ್ತವೆ. ಆದರೆ ಬಗ್ಗುವ ಎತ್ತುವ ಕ್ರಮ ಕಲಿತಮಾತ್ರಕ್ಕೆ ನೋವು ಮರುಕಳಿಸುವುದು ನಿಲ್ಲುವುದಿಲ್ಲ. 21 ಅಧ್ಯಯನ, 30,000ಕ್ಕೂ ಹೆಚ್ಚು ಜನರ ವಿವರಗಳನ್ನು ಸೇರಿಸಿ ನೋಡಿದ 2016ರ ವಿಶ್ಲೇಷಣೆಯಲ್ಲಿ, ವ್ಯಾಯಾಮ ಮತ್ತು ತಿಳಿವಳಿಕೆ ಎರಡೂ ಸೇರಿದಾಗ ನೋವು ಬರುವ ಸಾಧ್ಯತೆ ಶೇ. 45ರಷ್ಟು ಇಳಿದಿತ್ತು. ಬರೀ ತಿಳಿವಳಿಕೆಯಿಂದ, ಸೊಂಟದ ಬೆಲ್ಟಿನಿಂದ, ಶೂ ಒಳಗಿಡುವ ಮೆತ್ತೆಯಿಂದ ತಡೆಯಲು ಆಗಿರಲಿಲ್ಲ. ಬೆಲ್ಟ್ ಕೊಂಡಿದ್ದರೆ ನೋವು ಜೋರಿರುವ ದಿನ ಬಸ್ ಪ್ರಯಾಣಕ್ಕೆ ಕಟ್ಟಿಕೊಳ್ಳಿ, ಸಾಕು.

ಜನ ಕೇಳುವ ಎರಡು ಪ್ರಶ್ನೆ

ನೆಲದ ಮೇಲೆ ಮಲಗಬೇಕಾ? ಬೇಕಿಲ್ಲ. ಸ್ಪೇನ್‌ನಲ್ಲಿ 313 ಜನರ ಮೇಲೆ ಮಾಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು. ಗುಂಡಿ ಬಿದ್ದ ಹಳೇ ಹತ್ತಿ ಹಾಸಿಗೆಯಿದ್ದರೆ ಬಿಚ್ಚಿಸಿ ಹೊಸದಾಗಿ ತುಂಬಿಸಿ. ಚಾಪೆಯಲ್ಲಿ ಚೆನ್ನಾಗಿ ನಿದ್ದೆ ಬರುವವರು ಚಾಪೆಯಲ್ಲೇ ಮಲಗಿ.

ಸಿಸೇರಿಯನ್‌ಗೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ಈ ನೋವು ಬಂತಾ? ಈ ಮಾತನ್ನು ಪ್ರತಿ ಮನೆಯಲ್ಲೂ ಕೇಳುತ್ತೇನೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಆದರೆ ವರ್ಷಗಟ್ಟಲೆ ಉಳಿಯುವ ಸೊಂಟ ನೋವಿಗೂ ಅದಕ್ಕೂ ಸಂಬಂಧ ಕಂಡುಬಂದಿಲ್ಲ. ಹೆರಿಗೆಯಲ್ಲಿ ಹೊಟ್ಟೆಯ ಸ್ನಾಯು ಸಡಿಲಾಗಿರುತ್ತದೆ, ಮಗುವನ್ನು ದಿನಕ್ಕೆ ನೂರು ಸಲ ಎತ್ತಿಳಿಸುತ್ತೀರಿ, ನಿದ್ದೆ ಇರುವುದಿಲ್ಲ. ಕಾರಣ ಅಲ್ಲಿದೆ. ಇಂಜೆಕ್ಷನ್ ಅಂದುಕೊಂಡರೆ ಮಾಡಲು ಏನೂ ಉಳಿಯುವುದಿಲ್ಲ. ಸ್ನಾಯು ಅಂದುಕೊಂಡರೆ ಬಲಪಡಿಸಬಹುದು, ತಾಯಂದಿರೇ. ಡಾಕ್ಟರ್ ಒಪ್ಪಿಗೆ ಸಿಕ್ಕ ಮೇಲೆ ನಡಿಗೆಯಿಂದ ಶುರು ಮಾಡಿ.

ಮತ್ತೆ ಹಿಡಿದುಕೊಂಡರೆ

ಎಲ್ಲ ಮಾಡಿದರೂ ಒಂದೊಂದು ಸಲ ಬರುತ್ತದೆ. ನಿದ್ದೆಗೆಟ್ಟ ವಾರ, ಮನೆಯಲ್ಲಿ ಚಿಂತೆ ಇರುವ ದಿನ, ದೂರದ ಪ್ರಯಾಣ ಇವೆಲ್ಲ ನೆಪವಾಗುತ್ತವೆ. ಮಾಡಿದ್ದೆಲ್ಲ ವ್ಯರ್ಥವಾಯಿತು ಎಂದು ಕೂರಬೇಡಿ. ಅಪಾಯದ ಗುರುತು ಇದೆಯಾ ನೋಡಿಕೊಳ್ಳಿ. ಇಲ್ಲವಾದರೆ ಮೂರು ದಿನದ ಕ್ರಮ ಅನುಸರಿಸಿ. ನಡಿಗೆಯನ್ನು ನಿಲ್ಲಿಸದೆ ಅರ್ಧಕ್ಕೆ ಇಳಿಸಿ. ವ್ಯಾಯಾಮ ಮೂರರಲ್ಲಿ ನೋವಾಗದ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿ, ಹಿಂದಿನ ಗುರುತಿನಿಂದ ಎಷ್ಟು ದಿನವಾಯಿತು ಎಣಿಸಿ. ನನ್ನ ಮೂರನೇ ಸಲಕ್ಕೂ ನಾಲ್ಕನೆಯದಕ್ಕೂ ನಡುವೆ ಎರಡು ವರ್ಷ ಕಳೆದಿತ್ತು, ನಾಲ್ಕನೆಯ ಸಲ ಐದನೇ ದಿನಕ್ಕೆ ಹಾಲು ತರಲು ನಾನೇ ಹೋಗಿದ್ದೆ, ಹತ್ತಿರದ ಅಂಗಡಿಗೆ.